ಎರಡೂರಿನ ರಜೆ

ಕೇಶವಮೂರ್ತಿಗೆ ಬೇಕಾಗಿದ್ದುದು ಒಂದೇ ಒಂದು ವಾರದ ರಜೆ. ಹೆಂಡತಿ ಶಾಮಲಾ ಬಾಣಂತನಕ್ಕೆಂದು ಬೆಂಗಳೂರಿನ ತವರಿಗೆ ಹೋಗಿದ್ದಳು. ಈ ರಾತ್ರಿಯ ರೈಲು ಹಿಡಿದು ಹೋಗಿ ತಾಯಿ ಮಗುವನ್ನು ಕರೆತಂದರೆ ಸರಿ. ಇಲ್ಲವಾದರೆ ಆಷಾಢ ಹುಟ್ಟುತ್ತದೆ, ಅತ್ತೆಯವರು ಮಗಳನ್ನು ಇನ್ನೊಂದು ತಿಂಗಳು ಹೊಸಲು ದಾಟಿಸುವುದಿಲ್ಲ. ಈಗಾಗಲೇ ಮುಂಬಯಿಯ ಮಾಟುಂಗದ ಹೋಟೆಲಿನವರು ಅವನ ಮುಖ ಕಂಡೊಡನೆ ಕೇಳದೆಯೇ ಊಟದ ತಟ್ಟೆ ಇಡತೊಡಗಿದ್ದರು.

ವಿಕ್ರೋಳಿಯ ಆ ಕಂಪನಿಯ ಕಂಪ್ಯೂಟರ್ ವಿಭಾಗಕ್ಕೆ ವೆಂಕಟಸುಬ್ಬಯ್ಯನವರು ಸಾಹೇಬರು. ರಜೆ ಕೇಳಿದ್ದಕ್ಕೆ ಅವರು ಇಲ್ಲ ಎನ್ನಲಿಲ್ಲ. ನೌಕರರ ರಜೆ ಲೆಕ್ಕ ಹಾಕುವ ಹೊಸ ಪ್ರೋಗ್ರಾಂ ಸಂಜೆಯೊಳಗೆ ಸರಿಹೋಗಲಿ, ಕೂಡಲೇ ಸಹಿ ಹಾಕುತ್ತೇನೆ ಎಂದರು.

ಸರಿಹೋಗದೇ ಇರಲು ಅದಕ್ಕೇನು ದಾಡಿ ಎಂದುಕೊಂಡೇ ಅವನು ಕೂತ. ಹಾಜರಿಯ ಭಾಗ ಪಕ್ಕದ ಮೇಜಿನ ವಿನೋದಿನಿ ಬರೆದದ್ದು, ರಜೆಯ ಭಾಗ ಇವನು ಬರೆದದ್ದು. ಬೇರೆ ಬೇರೆಯಾಗಿ ಪರೀಕ್ಷಿಸಿದಾಗ ಎರಡೂ ಚಿನ್ನದಂಥವು. ಒಂದೇ ಮೆಷಿನ್ನಿಗೆ ಹಾಕಿದರೆ ಮಾತ್ರ ಚಿಕ್ಕದೊಂದು ಕಂಬಳಿ ಹೊದ್ದು ಮಲಗಿದ ಇಬ್ಬರಂತೆ ಎಳೆದಾಟ. ಇವನದು ಸರಿ ಉತ್ತರ ಕೊಟ್ಟರೆ ಅವಳದು ತಪ್ಪುತ್ತಿತ್ತು, ಅವಳದು ಸರಿಯಾದರೆ ಇವನದು.

ಸುದ್ದಿ ಹರಡಿತು. ಸ್ಟೋರ್ಸಿನ ಹಣಮಂತ ಬಂದು ಕುರ್ಚಿ ಎಳೆದುಕೊಂಡ. ಬಿಜಾಪುರದ ಕಡೆಯವನು, ಒಳ್ಳೆಯ ಮನುಷ್ಯ; ತನಗೆ ಗೊತ್ತಿಲ್ಲದ ವಿಷಯದಲ್ಲಿ ಸಲಹೆ ಕೊಡುವುದೊಂದೇ ಅವನ ಚಟ.

"ಇದು ವೈರಸ್ ರೀ," ಎಂದ. "ಯಾರೋ ಚಪ್ಪಲಿ ಹಾಕ್ಕೊಂಡ ಒಳಗ ಬಂದಾರ."

ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡುವ ನಿಯಮವೇನೋ ಇತ್ತು. ಯಾರು ಬಿಡಲಿಲ್ಲ ಎಂಬ ವಿಚಾರಣೆಯಲ್ಲೇ ಚಹಾದ ಹೊತ್ತು ಕಳೆಯಿತು. ಮೆಷಿನ್ನಿಗೆ ಸೆಕೆಯಾಗಿದೆಯೆಂದು ಇನ್ನೊಬ್ಬರು ಟೇಬಲ್ ಫ್ಯಾನ್ ತಂದು ಇಟ್ಟರು. ಅದರ ಗಾಳಿಗೆ ವಿನೋದಿನಿಯ ಕಾಗದಗಳೆಲ್ಲ ಕಿಟಕಿಯಾಚೆ ಹಾರಿ, ಕೇಶವಮೂರ್ತಿ ಕಾಂಪೌಂಡಿನ ಕೆಸರಿನಲ್ಲಿ ಅವನ್ನು ಹೆಕ್ಕಿ ತಂದ.

ಊಟದ ನಂತರ ಅವನಿಗೆ ಗುಟ್ಟು ಹೊಳೆಯಿತು. ಯಾವ ದಿನ ಕೆಲಸ, ಯಾವ ದಿನ ಬಿಡುವು ಎಂದು ತಿಳಿಯಲು ಎರಡು ಭಾಗಗಳೂ ಒಂದೇ ಫೈಲನ್ನು ಕೇಳುತ್ತಿದ್ದವು. ಅದನ್ನು ಅವರು ಲೈಬ್ರರಿ ಎನ್ನುತ್ತಿದ್ದರು. ಅದರಲ್ಲಿ ಎರಡು ಆವೃತ್ತಿ. ಹಳೆಯದು ಬೆಂಗಳೂರಿನ ಹೆಡ್ಡಾಫೀಸು ಕಳಿಸಿದ್ದು: ಆಯುಧಪೂಜೆ, ರಾಜ್ಯೋತ್ಸವ, ಬಸವ ಜಯಂತಿಗೆ ಬಿಡುವು. ಹೊಸದು ಮುಂಬಯಿಯವರು ಜಗಳವಾಡಿ ಮಾಡಿಸಿಕೊಂಡದ್ದು: ಶಿವಾಜಿ ಜಯಂತಿ, ಅನಂತ ಚತುರ್ದಶಿ. ಇವನ ಭಾಗ ಹಳೆಯದನ್ನು ನಂಬಿತ್ತು, ಅವಳ ಭಾಗ ಹೊಸದನ್ನು. ಎರಡು ಫೈಲಿಗೂ ಹೆಸರೊಂದೇ ಆದ್ದರಿಂದ ಆಮೇಲೆ ಹಾಕಿದ್ದು ಮೊದಲಿನದನ್ನು ಅಳಿಸಿಬಿಡುತ್ತಿತ್ತು.

ಅಷ್ಟರಲ್ಲಿ ಹಣಮಂತ ಉಪಕಾರ ಮಾಡುವ ಉತ್ಸಾಹದಲ್ಲಿ ಫ್ಯಾಕ್ಟರಿಯಿಂದ ಅಲ್ಲಿಯ ರಜೆಪಟ್ಟಿಯ ಫೈಲಿದ್ದ ಫ್ಲಾಪಿಯೊಂದನ್ನು ತಂದು, ಕೇಳದೆಯೇ ಕಾಪಿ ಮಾಡಿದ. ಫ್ಯಾಕ್ಟರಿಗೆ ವಾರದ ಬಿಡುವು ಗುರುವಾರ. ಭಾನುವಾರಗಳಲ್ಲಿ ಮನೆಯಲ್ಲಿದ್ದ ತಪ್ಪಿಗೆ ಇಡೀ ಆಫೀಸು ಗೈರುಹಾಜರಿ ಎಂದು ಮೆಷಿನ್ನು ಘೋಷಿಸಿತು. ಅದನ್ನು ಅಳಿಸುವಷ್ಟರಲ್ಲಿ ಗಂಟೆ ನಾಲ್ಕಾಯಿತು.

ವಿನೋದಿನಿಗೆ ಅವನ ರೈಲಿನ ಚಿಂತೆ. ಉಡುಪಿ ಕಡೆಯ ಹುಡುಗಿ, ಮನಸ್ಸು ಮೃದು.

"ನನ್ನ ಭಾಗಕ್ಕೂ ಹಳೇದನ್ನೇ ಹಾಕ್ತೇನೆ ಮಾರಾಯ್ರೆ, ಹತ್ತು ನಿಮಿಷದ ಕೆಲಸ. ಎರಡೂ ಒಂದೇ ಉತ್ತರ ಕೊಟ್ರೆ ಸಾಕಲ್ಲ. ನೀವು ಹೊರಡಿ."

ಅಲ್ಲೇ ನಮ್ಮ ಕೇಶವಮೂರ್ತಿ ಎಡವಿದ್ದು. ಮುಂಬಯಿಯಲ್ಲಿ ದುಡಿಯುವವರಿಗೆ ಮುಂಬಯಿಯ ರಜೆಯೇ ನ್ಯಾಯ ಎಂದ. ಅನಂತ ಚತುರ್ದಶಿಯ ಗಣಪತಿ ವಿಸರ್ಜನೆಗೆಂದು ಮನೆಯಲ್ಲಿ ಉಳಿದವರ ರಜೆ ಸುಮ್ಮನೆ ಕತ್ತರಿಸಿ ಹೋಗಿದೆ, ಅದು ಅವರಿಗೆ ವಾಪಸು ಸಿಗಬೇಡವೇ ಎಂದು ಸಣ್ಣ ಭಾಷಣವನ್ನೇ ಮಾಡಿದ. ತನ್ನ ಭಾಗವನ್ನೇ ತಿದ್ದಿ ಹೊಸ ಆವೃತ್ತಿಗೆ ಒಗ್ಗಿಸಿದ. ಕಾಲ್ಪನಿಕ ನೌಕರನೊಬ್ಬನ ಲೆಕ್ಕ ಹಾಕಿಸಿ ನೋಡಿದರೆ ಎರಡು ಭಾಗಗಳೂ ಒಂದೇ ಮಾತು ಆಡಿದವು. ಅವನಿಗೆ ನಿಜಕ್ಕೂ ಹಿಗ್ಗಾಯಿತು.

ವೆಂಕಟಸುಬ್ಬಯ್ಯನವರು ಎಲ್ಲರೆದುರು ಮೆಷಿನ್ನಿನ ಮುಂದೆ ಕೂತರು. ಹಣಮಂತನ ನಂಬರು ಒತ್ತಿದರು: ರಜೆ ಏರಿತ್ತು. ವಿನೋದಿನಿಯದೂ ಏರಿತ್ತು. ಹಣಮಂತ ಅಲ್ಲೇ ನಿಂತು ಊರಿಗೆ ಹೋಗಲು ಅರ್ಜಿ ಬರೆಯತೊಡಗಿದ. ಕೇಶವಮೂರ್ತಿಯ ಬೆನ್ನಿಗೆ ಬಿದ್ದ ಶಹಬ್ಬಾಸುಗಳಿಗೆ ಲೆಕ್ಕವಿಲ್ಲ.

"ನಿಂದೂ ನೋಡಿ ಸಹಿ ಹಾಕಿಬಿಡ್ತೀನಿ," ಎಂದು ಸಾಹೇಬರು ಅವನ ನಂಬರು ಒತ್ತಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. "ಏನಯ್ಯ ಇದು? ನೀನೇ ಕಂಪನಿಗೆ ಎರಡು ದಿನ ರಜೆ ಬಾಕಿ ಇದ್ದೀಯಲ್ಲ."

ಹೌದು. ಮೂರು ವರ್ಷದಿಂದ ಆಯುಧಪೂಜೆಗೆ, ರಾಜ್ಯೋತ್ಸವಕ್ಕೆ, ಬಸವ ಜಯಂತಿಗೆ ಅವನು ಹೆಡ್ಡಾಫೀಸಿನ ಬಿಡುವೆಂದು ನಂಬಿ ಬೆಂಗಳೂರಿಗೆ ಹೋಗಿ ಉಳಿದಿದ್ದ. ಹೊಸ ಆವೃತ್ತಿಯಲ್ಲಿ ಆ ಒಂಬತ್ತೂ ಕೆಲಸದ ದಿನಗಳು; ಉಳಿಸಿಟ್ಟಿದ್ದ ಏಳು ದಿನದ ರಜೆ ಅವಕ್ಕೇ ಕಳೆದು, ಮೇಲೆ ಎರಡು ದಿನ ಬಾಕಿ. ಅನಂತ ಚತುರ್ದಶಿಯಂದು ಖಾಲಿ ಆಫೀಸಿನಲ್ಲಿ ಒಬ್ಬನೇ ಕೂತು ದುಡಿದದ್ದಕ್ಕೆ ಮಾತ್ರ ಮೆಷಿನ್ನು ಏನೂ ಕೊಡಲಿಲ್ಲ. ಹಳೆಯದನ್ನೇ ಮತ್ತೆ ಹಾಕೋಣವೆಂದು ಬಾಯಿ ತೆರೆದು ಸುತ್ತ ನೋಡಿದ. ರಜೆ ಸಿಕ್ಕ ಖುಷಿಯ ಮುಖಗಳನ್ನು ಕಂಡು ಬಾಯಿ ಮುಚ್ಚಿಕೊಂಡ.

ಸ್ಟೇಷನ್ನಿನ ಬಳಿಯ ಬೂತಿನಿಂದ ಹೆಂಡತಿಗೆ ಫೋನು ಮಾಡಿ ಎಲ್ಲ ಹೇಳಿದ. ಆಚೆ ಮಗು ಅಳುತ್ತಿತ್ತು. ಶಾಮಲಾ ಸಿಟ್ಟಾಗಲಿಲ್ಲ, ಆಷಾಢ ಕಳೆದ ಮೇಲೇ ಬರುತ್ತೇವೆ ಬಿಡಿ ಎಂದಳು. ಆಮೇಲೆ ಏನೋ ಹೊಳೆದಂತೆ ಕೇಳಿದಳು:

"ಅಲ್ಲಾ, ಆ ಮೆಷಿನ್ನೇ ತಪ್ಪು ಹೇಳಿರಬಹುದಲ್ವಾ?"

ಕೇಶವಮೂರ್ತಿ ಒಂದು ಕ್ಷಣ ಯೋಚಿಸಿದ.

"ಸಾಧ್ಯವೇ ಇಲ್ಲ ಕಣೆ," ಎಂದ, ಅಷ್ಟು ದುಃಖದಲ್ಲೂ ಕೊಂಚ ಎದೆಯುಬ್ಬಿಸಿ. "ಬೆಳಗ್ಗೆಯಿಂದ ಕೂತು ನಾನೇ ಸರಿಮಾಡಿದ್ದು."