ಹಸಿರು ಕಾರು ಮನೆ ತುಂಬಿದ್ದು

ಹಳೇ ಕಾರು ಇಟ್ಟುಕೊಂಡವರು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಗೇಟು ತೆಗೆದು ಹೊರಗೆ ಬಂದರೆ ಸಾಕು, ಅದೇ ಎದುರಿಗೆ ಬಂದು ನಿಲ್ಲುತ್ತದೆ. ಈಗ ನನಗೆ ನಲವತ್ತು ದಾಟಿದೆ. ಆದರೂ ದಾವಣಗೆರೆಯಲ್ಲಿ ಹಳಬರು ಯಾರಾದರೂ ಸಿಕ್ಕರೆ ಮೊದಲು ವಿಚಾರಿಸುವುದು ನನ್ನ ಆರೋಗ್ಯವನ್ನಲ್ಲ, ಆ ಹಸಿರು ಕಾರನ್ನು. ನನಗೆ ಇಪ್ಪತ್ತಾರು ತುಂಬಿದ ವರ್ಷ, ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿ ಗಳಿಸಿದ ಸಂಬಳದಲ್ಲಿ ಕೊಂಡದ್ದು. ಓಡಿಸುವುದನ್ನು ಮೈಸೂರಿನಲ್ಲಿ ಓದುವಾಗ ಗೆಳತಿಯ ಮನೆಯ ಕಾರಿನಲ್ಲಿ ಕಲಿತಿದ್ದೆ. ನನ್ನದಕ್ಕೆ ಎರಡು ಬಾಗಿಲು, ನಾಲ್ಕು ಸೀಟು. ಸ್ವಭಾವ ಮಾತ್ರ ಒಂದೇ, ಮೊಂಡು.

೧. ಹೆಣ್ಣು ನೋಡುವ ಶಾಸ್ತ್ರ

ಹರಿಹರದಲ್ಲಿ ಮರದ ಅಡ್ಡೆ ಇಟ್ಟಿದ್ದ ಸಾಹೇಬರೊಬ್ಬರು ತಮ್ಮ ಚಿಕ್ಕ ವಿಲಾಯಿತಿ ಕಾರನ್ನು ಮಾರುತ್ತಾರೆಂದು ಸುದ್ದಿ ಬಂತು. ಸಾಹೇಬರಿಗೆ ಕಣ್ಣು ಮಂಜಾಗಿತ್ತು, ಮಕ್ಕಳಿರಲಿಲ್ಲ, ಕಾರು ಓಡಿಸುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ನಾನೂ ಅಪ್ಪನೂ ರೈಲು ಹತ್ತಿ ಹೋದೆವು. ಅಪ್ಪ ನಿವೃತ್ತ ಹೆಡ್‌ಮೇಷ್ಟ್ರು. ಮೂವತ್ತು ವರ್ಷ ಊರ ಹುಡುಗರಿಗೆಲ್ಲ ಬೇಡ ಬೇಡ ಎಂದು ಹೇಳಿ ಅಭ್ಯಾಸವಾದವರು. ಕಾರನ್ನೂ ಬೇಡ ಎನ್ನುವುದಕ್ಕೇ ಜೊತೆಗೆ ಬಂದಿದ್ದರು.

ಸಾಹೇಬರು ಕಾರು ತೋರಿಸಲಿಲ್ಲ. ನಮ್ಮನ್ನು ಕೂರಿಸಿ ಶರಬತ್ತು ಕೊಟ್ಟು, ಮನೆ ಎಲ್ಲಿ ಎಂದು ಕೇಳಿದರು. ಕೆ.ಬಿ. ಬಡಾವಣೆ ಎಂದೆ. ನೆರಳು ಐತೇನು, ಇದ್ದರೆ ಬೇವಿನದೋ ಹುಣಸೆಯದೋ, ಹುಣಸೆಯಾದರೆ ಹಕ್ಕಿಗಳ ಗಲೀಜು ಜಾಸ್ತಿ ಎಂದರು. ಮನೆಯಲ್ಲಿ ಎಷ್ಟು ಜನ, ಯಾರಿಗಾದರೂ ಮುಂಗೋಪ ಉಂಟೋ ಎಂದು ಕೇಳಿದರು. ಬಾಗಿಲ ಪರದೆಯ ಹಿಂದಿನಿಂದ ಅವರ ಬೇಗಂ ಕೂಡ ಒಂದು ಪ್ರಶ್ನೆ ಕಳಿಸಿದರು. ಚಳಿಗಾಲದಲ್ಲಿ ಅದು ಬೇಗ ಏಳುವುದಿಲ್ಲವಂತೆ, ಆಗ ಯಾರೂ ಬೈಯುವುದಿಲ್ಲ ತಾನೆ?

"ಅಲ್ರೀ ಸಾಹೇಬ್ರೆ, ನಾವು ಬಂದಿದ್ದು ಕಾರು ನೋಡಾಕೆ" ಎಂದರು ಅಪ್ಪ.

"ನೋಡ್ರಿ ಮೇಷ್ಟ್ರೆ, ಇಷ್ಟು ವರ್ಷ ಸಾಕೀವಿ. ಗುರುತು ಪರಿಚಯ ಇಲ್ಲದ ಮನಿಗೆ ಹೆಂಗೆ ಕೊಡೋದು?"

ಶರಬತ್ತು ಎರಡು ಸಲ ಬಂದು ಹೋದ ಮೇಲೆ ನಾವು ಪಾಸಾದೆವು. ಮರುದಿನ ಅಡ್ಡೆಯ ಡ್ರೈವರು ಕಾರನ್ನು ನಮ್ಮ ಮನೆಗೆ ತಂದು ಬಿಡುವುದೆಂದು ಮಾತಾಯಿತು. ಬೇಗಂ ಹೊರಗೆ ಬಂದು ಅದರ ಕನ್ನಡಿಗೆ ಒಂದು ಮೊಳ ಮಲ್ಲಿಗೆ ಕಟ್ಟಿ, ಕಣ್ಣೊರೆಸಿಕೊಂಡು ಒಳಗೆ ಹೋದರು.

ವಾಪಸು ರೈಲಿನಲ್ಲಿ ಊರು ಹತ್ತಿರ ಬಂದಾಗ ಅಪ್ಪ ಹೇಳಿದರು:

"ನಾಕು ವರ್ಷದಿಂದ ನಿನಗೆ ಗಂಡು ನೋಡ್ತಿದೀನಿ. ನಿನ್ನ ಬಗ್ಗೆ ಇದರಾಗೆ ಅರ್ಧ ಪ್ರಶ್ನೆ ಯಾರೂ ಕೇಳಲಿಲ್ಲ."

೨. ಇನ್ಸ್‌ಪೆಕ್ಟರು ಒಳಗೆ ಹೋದರು

ಸಂಬಳ ನನ್ನದಾದರೂ ಮನೆಯಲ್ಲಿ ಮಾತು ಅಪ್ಪನದು. ಕಾರು ಬಂದ ದಿನವೇ ಷರತ್ತು ಹಾಕಿದರು. ದಸರಾ ಮುಗಿಯುವುದರೊಳಗೆ ಒಂದು ಸಲ ನಾನೇ ಓಡಿಸಿಕೊಂಡು ಹರಿಹರಕ್ಕೆ ಹೋಗಿ ಬರಬೇಕು, ಅವರು ಪಕ್ಕದಲ್ಲಿ ಕೂತಿರುತ್ತಾರೆ. ದಾರಿಯಲ್ಲಿ ಕಾರು ಕೆಟ್ಟು, ತಳ್ಳುವುದಕ್ಕೆಂದು ಹೊರಗಿನವರ ಒಂದು ಕೈ ಬಿದ್ದರೂ ಅದು ಸಾಹೇಬರಿಗೆ ವಾಪಸು. ಮಗಳ ಕಾರನ್ನು ಬೀದಿಯ ಜನ ತಳ್ಳುವುದನ್ನು ನೋಡಿಕೊಂಡು ತಾವು ಊರಿನಲ್ಲಿ ತಲೆಯೆತ್ತಿ ಓಡಾಡುವುದು ಸಾಧ್ಯವಿಲ್ಲ ಎಂದರು. ಆ ಕಾರಿನ ಪರಿಚಯ ನನಗೆ ಇನ್ನೂ ಆಗಿರಲಿಲ್ಲ. ಆಗಲಿ ಎಂದುಬಿಟ್ಟೆ.

ಮೊದಲು ಲೈಸೆನ್ಸು ಆಗಬೇಕಿತ್ತು. ಪರೀಕ್ಷೆ ಮಾಡಲು ಚಿತ್ರದುರ್ಗದಿಂದ ಬಂದ ಇನ್ಸ್‌ಪೆಕ್ಟರು ಧಾರಾಳ ಮೈಕಟ್ಟಿನವರು. ಹೆಂಗಸೊಬ್ಬಳು ಪರೀಕ್ಷೆಗೆ ಬಂದದ್ದು ಅವರಿಗೆ ಅದೇ ಮೊದಲು. ನನ್ನ ಪಕ್ಕ ಕೂರುವುದು ಸರಿಯೋ ತಪ್ಪೋ ಎಂದು ಕಾರಿಗೆ ಎರಡು ಪ್ರದಕ್ಷಿಣೆ ಹಾಕಿ ಯೋಚಿಸಿ, ಹಿಂದಿನ ಸೀಟೇ ವಾಸಿ ಎಂದು ತೀರ್ಮಾನಿಸಿದರು. ಹಿಂದಕ್ಕೆ ಹೋಗಬೇಕಾದರೆ ಮುಂದಿನ ಸೀಟನ್ನು ಮಡಚಬೇಕು, ಆಮೇಲೆ ನಮ್ಮನ್ನು ನಾವು ಮಡಚಿಕೊಳ್ಳಬೇಕು. ಅವರು ಎರಡನ್ನೂ ಮಾಡಿ ಒಳಗೆ ತೂರಿದರು. ಮೊಣಕಾಲು ಗದ್ದಕ್ಕೆ ಬಂತು.

ಎಡಕ್ಕೆ, ಬಲಕ್ಕೆ, ಎಮ್ಮೆಗಳ ನಡುವೆ, ಎತ್ತಿನ ಗಾಡಿಗಳ ಹಿಂದೆ ಓಡಿಸಿ ತೋರಿಸಿದೆ. ಕಚೇರಿಗೆ ಮರಳಿದಾಗ ಮುಂದಿನ ಸೀಟು ಮಡಚಿಕೊಳ್ಳಲು ಒಪ್ಪಲಿಲ್ಲ. ನಾನು ಎಳೆದೆ. ಇಬ್ಬರು ಗುಮಾಸ್ತರು ಎಳೆದರು. ಇನ್ಸ್‌ಪೆಕ್ಟರು ಒಳಗಿನಿಂದ ಒದ್ದರು. ಕಾರು ರಿಪೇರಿಯ ಮಿಸ್ತ್ರಿಯನ್ನು ಕರೆತರುವುದಕ್ಕಿಂತ ಇವರನ್ನೇ ಮಿಸ್ತ್ರಿಯ ಹತ್ತಿರ ಒಯ್ಯುವುದು ಬೇಗ ಎಂದು ಶೆಡ್ಡಿಗೆ ಹೋದೆವು. ಮಿಸ್ತ್ರಿ ಊಟಕ್ಕೆ ಹೋಗಿದ್ದ. ಅವನ ಮನೆಗೆ ಹೋದೆವು. ಅಲ್ಲಿಂದ ಆಗಲೇ ಶೆಡ್ಡಿಗೆ ಹೊರಟಿದ್ದ. ದಾರಿಯುದ್ದಕ್ಕೂ ಲಾರಿ ಡ್ರೈವರುಗಳು ಇನ್ಸ್‌ಪೆಕ್ಟರಿಗೆ ಸಲಾಮು ಹೊಡೆದರು. ಕೈ ಎತ್ತಲು ಜಾಗವಿಲ್ಲದೆ ಅವರು ರೆಪ್ಪೆ ಬಡಿದು ಸಲಾಮು ಸ್ವೀಕರಿಸಿದರು.

ಶೆಡ್ಡಿನ ಕಡೆಗೆ ಎರಡನೇ ಸಲ ತಿರುಗಿಸಿದಾಗ ಹಿಂದಿನಿಂದ ಕ್ಷೀಣವಾದ ದನಿ ಬಂತು.

"ಆ ಕಾಗದ ಇತ್ತ ಕೊಡಮ್ಮ, ಪಾಸು ಮಾಡ್ತೀನಿ. ಇನ್ನ ಪರೀಕ್ಷೆ ಸಾಕು."

೩. ಕುದುರೆಯ ಹರೆಯ

ಈ ಕಾರಿಗೆ ಎಲ್ಲೆಂದರಲ್ಲಿ ನಿಲ್ಲುವ ಚಟ. ಅದರಲ್ಲೂ ರೈಲ್ವೆ ಸ್ಟೇಷನ್ನಿನ ಮುಂದಿನ ಜಟಕಾ ಸ್ಟ್ಯಾಂಡು ಅದಕ್ಕೆ ಬಲು ಇಷ್ಟದ ಜಾಗ. ಎಂಜಿನ್ನು ಎಬ್ಬಿಸಲು ಹ್ಯಾಂಡಲು ಹಾಕಿ ತಿರುಗಿಸೋಣವೆಂದರೆ ಹ್ಯಾಂಡಲು ಸಾಹೇಬರ ಕಾಲದಲ್ಲೇ ಹೊಳೆಯ ಪಾಲಾಗಿತ್ತು. ತಳ್ಳಿಸಬೇಕು, ಇಲ್ಲವೇ ಎಳೆಸಬೇಕು.

ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ ಜಟಕಾದವನಿದ್ದ. ಕಾರುಗಳು ಬಂದು ನಮ್ಮ ಅನ್ನ ಕಿತ್ತುಕೊಂಡವು ಎಂದು ದಿನಾ ಗೊಣಗುತ್ತಿದ್ದವನು, ಒಂದು ಬೆಳಿಗ್ಗೆ ನನ್ನ ಕಾರು ಅಲ್ಲಿ ಕೈಕೊಟ್ಟಾಗ, ಮದುವೆ ಮನೆಗೆ ಹೊರಟವನ ಹಾಗೆ ಎದ್ದು ಬಂದ. ಜಟಕಾದ ಹಿಂದಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿ ನನ್ನ ಬಂಪರಿಗೆ ಬಿಗಿದ. ಅವನ ಕುದುರೆಗೂ ನನ್ನ ಕಾರಿಗೂ ಹೆಚ್ಚುಕಮ್ಮಿ ಒಂದೇ ಪ್ರಾಯ. ಇಬ್ಬರೂ ತಲೆ ತಗ್ಗಿಸಿಕೊಂಡು ಕಾಲೇಜಿನ ಕಡೆ ನಡೆದರು. ಬೀದಿಯ ಎರಡೂ ಕಡೆ ಅಂಗಡಿಯವರು ವ್ಯಾಪಾರ ಬಿಟ್ಟು ಹೊರಗೆ ಬಂದು ನಿಂತು ನೋಡಿದರು.

ಕಾಲೇಜಿಗೆ ಇನ್ನೊಂದು ಫರ್ಲಾಂಗು ಇರುವಾಗ ಕಾರು ಪಟಾಕಿ ಸರ ಹಚ್ಚಿದ ಹಾಗೆ ಢಮಢಮ ಎಂದು ಎದ್ದಿತು. ಹಿಂದೆ ಏನು ಬಂತೋ ಎಂದು ಕುದುರೆ ಕಿವಿ ನೆಟ್ಟಗೆ ಮಾಡಿ ಕಿತ್ತುಕೊಂಡು ಓಡಿತು. ಹಗ್ಗ ಬಿಚ್ಚುವವರು ಯಾರು? ಅದು ಓಡಿದಷ್ಟೂ ನಾನು ಬೆನ್ನಟ್ಟಬೇಕು, ನಾನು ಬೆನ್ನಟ್ಟಿದಷ್ಟೂ ಅದು ಓಡಬೇಕು. ಪ್ರಿನ್ಸಿಪಾಲರು ಗೇಟಿನಿಂದ ಪಕ್ಕಕ್ಕೆ ಹಾರಿದರು. ಜಟಕಾ ಮೊದಲನೆಯದಾಗಿ, ನಾನು ಎರಡನೆಯವಳಾಗಿ ಕಾಲೇಜು ಸೇರಿದೆವು.

ಬಾಡಿಗೆ ಕೊಡಲು ಹೋದರೆ ಮುದುಕ ಕುದುರೆಯ ಕತ್ತು ತಬ್ಬಿಕೊಂಡು ನಿಂತಿದ್ದ.

"ಬಾಡಿಗೆ ಬ್ಯಾಡ್ರಿ ಅಮ್ಮಾರೆ. ಇದಕ್ಕೆ ವಯಸ್ಸಾತು, ಮಾರಿಬಿಡಾನ ಅಂದ್ಕಂಡಿದ್ದೆ."

೪. ಬೀಗರು ಬಂದರು

ಈ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅಪ್ಪ ದಸರಾ ಯಾವತ್ತೆಂದು ಪಂಚಾಂಗ ತೆಗೆದು ನೋಡಿದರು, ಅಷ್ಟೆ.

ಆ ಭಾನುವಾರವೇ ಹರಿಹರದ ಸಾಹೇಬರೂ ಬೇಗಂ ಅವರೂ ಬುಟ್ಟಿ ತುಂಬ ತಿಂಡಿ ಹೊತ್ತು ಜಟಕಾದಿಂದ ಇಳಿದರು. ಮಗಳನ್ನು ನೋಡಲು ಬಂದಿದ್ದಂತೆ. ಬೇಗಂ ನನ್ನನ್ನು ದಾಟಿಕೊಂಡು ನೇರ ಬೇವಿನ ಮರದ ಕೆಳಗೆ ಹೋದರು. ಕಾರಿನ ದೀಪ ಸವರಿದರು, ಬಾನೆಟ್ಟು ಸವರಿದರು.

"ಯಾಕೋ ಸೊರಗ್ಯಾಳ. ಹೊಟ್ಟಿಗೆ ಸರಿಯಾಗಿ ಹಾಕ್ತೀರೇನ್ರಿ ಮೇಷ್ಟ್ರೆ?"

ಮೂವತ್ತು ವರ್ಷ ಬೇರೆಯವರನ್ನು ನಿಲ್ಲಿಸಿ ಪ್ರಶ್ನೆ ಕೇಳಿದ ಅಪ್ಪ, ಹೋಮ್‌ವರ್ಕು ತರದ ಹುಡುಗನ ಹಾಗೆ ನಿಂತು, ಹಾಕ್ತೀವ್ರಿ, ಮೊನ್ನೆ ತಾನೇ ಪೆಟ್ರೋಲು ತುಂಬಿಸೀವಿ, ಎಣ್ಣೆನೂ ಬದಲಾಯಿಸೀವಿ ಎಂದು ವರದಿ ಒಪ್ಪಿಸಿದರು.

ಎಡಗಡೆ ಬಾಗಿಲಲ್ಲಿ ಒಂದು ದೊಡ್ಡ ತಗ್ಗು ಬಿದ್ದಿತ್ತು. ನಮ್ಮದೇ ಗೇಟಿನ ಕಂಬಕ್ಕೆ ನಾನೇ ಗುದ್ದಿಸಿದ್ದು. ಕಾರು ಬಂದಾಗಿನಿಂದ ಅದನ್ನು "ಆ ಡಬ್ಬಿ" ಎಂದು ಮಾತ್ರ ಕರೆಯುತ್ತಿದ್ದ ಅವ್ವ ಹೋಗಿ ಅದೇ ಬಾಗಿಲಿಗೆ ಆತು ನಿಂತು ಸೆರಗು ಅಗಲಿಸಿದರು. ಬೀಗರು ಒಳಗೆ ಬಂದು ಕೂತರೂ ಅವ್ವ ಬರಲಿಲ್ಲ. ಕಾಫಿ ನಾನೇ ಮಾಡಿದೆ. ಎಂಥ ಸಂಕೋಚದ ಹೆಣ್ಣುಮಗಳು ಎಂದು ಬೇಗಂ ಮೆಚ್ಚಿಕೊಂಡರು.

ಮಾತಿನ ನಡುವೆ ಅಪ್ಪ, ಒಂದು ವೇಳೆ ಇದನ್ನು ವಾಪಸು ಕಳಿಸುವ ಸಂದರ್ಭ ಬಂದರೆ ಎಂದು ಮೆಲ್ಲಗೆ ತೆಗೆದರು. ಸಾಹೇಬರು ಲೋಟ ಕೆಳಗಿಟ್ಟರು.

"ಹಬ್ಬಕ್ಕೆ ಕಳಿಸ್ರಿ, ನಾಕು ದಿನ ಇಟ್ಕಂಡು ಕಳಿಸ್ತೀವಿ. ವಾಪಸು ಅಂದ್ರೆ ಏನ್ರಿ ಮೇಷ್ಟ್ರೆ? ನಮ್ಮ ಮನಿತನದಾಗೆ ಅಂಥದ್ದು ಇಲ್ಲ."

ಅವರನ್ನು ಸ್ಟೇಷನ್ನಿಗೆ ಕಳಿಸಿ ಬಂದ ಅಪ್ಪ ಕುರ್ಚಿಯಲ್ಲಿ ಕುಸಿದರು.

"ಮಗಳ ಮದುವೆ ಇನ್ನೂ ಆಗಿಲ್ಲ. ಬೀಗರ ಕಾಟ ಆಗಲೇ ಶುರುವಾತು."

೫. ರೈಲ್ವೆ ಗೇಟಿನಲ್ಲಿ ಒಂದು ಕ್ಲಾಸು

ಸಾಹೇಬರು ತೆಗೆದುಕೊಳ್ಳದಿದ್ದರೆ ಗುಜರಿಗೆ ಹೋಗಲಿ, ಮಾತು ಮಾತೇ ಎಂದರು ಅಪ್ಪ. ಮಿಸ್ತ್ರಿ ವಾರವೆಲ್ಲ ಕೂತು ಕಾರಿನ ಹೊಟ್ಟೆ ಬಗೆದು ಜೋಡಿಸಿಕೊಟ್ಟ. ದಸರಾದ ಹಿಂದಿನ ದಿನ ಬೆಳಿಗ್ಗೆ ಹೊರಟೆವು. ಅಪ್ಪ ಕೋಟು, ರುಮಾಲು, ಎರಡು ಮೊಣಕಾಲ ನಡುವೆ ಕೊಡೆ. ಹೋಗುವಾಗ ಕಾರು ತವರಿಗೆ ಹೊರಟ ಹೆಣ್ಣಿನ ಹಾಗೆ ಓಡಿತು. ಒಂದು ಕೆಮ್ಮಿಲ್ಲ, ಒಂದು ನಿಟ್ಟುಸಿರಿಲ್ಲ. ಹರಿಹರದಲ್ಲಿ ಎಂಜಿನ್ನು ಆರಿಸದೆಯೇ ತಿರುಗಿಸಿಕೊಂಡು ಹೊರಟುಬಿಟ್ಟೆ.

ಹರಿಹರದಾಚೆಯ ರೈಲ್ವೆ ಗೇಟಿಗೆ ಬಂದೆವು. ಎರಡೂ ಕಡೆ ಇಳಿಜಾರು, ನಡುವೆ ಎತ್ತರದಲ್ಲಿ ಹಳಿ. ಕಾರು ಏದುಸಿರು ಬಿಡುತ್ತ ಹತ್ತಿ, ಸರಿಯಾಗಿ ಹಳಿಯ ಮೇಲೆ ನಿಂತು, ಆರಿಹೋಯಿತು.

ಗೇಟಿನವನು ಓಡಿ ಬಂದ. ದಾವಣಗೆರೆಗೆ ಹೋಗುವ ರೈಲು ಬರುವ ಹೊತ್ತು. ಗೇಟು ಹಾಕುವತನಕ ಸಿಗ್ನಲು ಬೀಳುವುದಿಲ್ಲ, ಕಾರು ಸರಿಯುವತನಕ ಗೇಟು ಹಾಕುವಂತಿಲ್ಲ. ರೈಲು ಬಂದು ದೂರದಲ್ಲೇ ನಿಂತು ಕೂಗತೊಡಗಿತು. ಗೇಟಿನವನೂ ಗಾಡಿಗಳವರೂ ತಳ್ಳಲು ಬಂದರು. ನಾನು ಕಿಟಕಿಯಿಂದ ತಲೆ ಹಾಕಿ, ಯಾರೂ ಮುಟ್ಟಬೇಡಿ ಎಂದು ಗದರಿದೆ.

"ಅಮ್ಮಾ, ರೈಲು ನಿಂತೈತ್ರಿ" ಎಂದು ಗೇಟಿನವನು ಅಳುವಂತಾದ.

ಅಪ್ಪ ಮಾತ್ರ ನೆಟ್ಟಗೆ ಎದುರು ನೋಡುತ್ತ ಕೂತಿದ್ದರು. ಗೆಲ್ಲುವವನು ಮಾತಾಡಬೇಕಾದ ಅಗತ್ಯವೇನಿದೆ?

ಅಷ್ಟರಲ್ಲಿ ರೈಲಿನ ಜನ ಇಳಿದು ಹಳಿಗುಂಟ ನಡೆದು ಬಂದರು. ಮುಂದಿದ್ದ ಕೋಟಿನವನು ಬಗ್ಗಿ ನೋಡಿ, "ಅಯ್ಯೋ, ನಮ್ಮ ಮೇಷ್ಟ್ರು" ಎಂದ. ಅಪ್ಪ ಮೂವತ್ತು ವರ್ಷ ಪಾಠ ಹೇಳಿದ್ದು ಈ ಎರಡು ಊರುಗಳಲ್ಲೇ. ಬಂದವರಲ್ಲಿ ಮಂಡಿ ಗುಮಾಸ್ತರಿದ್ದರು, ಮಿಲ್ಲಿನವರಿದ್ದರು, ಒಬ್ಬ ವಕೀಲರಿದ್ದರು. ಎಲ್ಲರೂ ಒಂದು ಕಾಲದಲ್ಲಿ ಅಪ್ಪನ ಬೆತ್ತ ಕಂಡವರೇ. ಕೊನೆಗೆ ಹಸಿರು, ಕೆಂಪು ಬಾವುಟ ಹಿಡಿದು ಬಂದ ಗಾರ್ಡೂ ಅವರ ಶಿಷ್ಯನೇ.

"ಸಾರ್, ನೀವು ಕೂಡ್ರಿ, ನಾವು ತಳ್ತೀವಿ" ಎಂದು ನಲವತ್ತು ಜನ ಅಂಗಿಯ ತೋಳು ಮಡಿಸಿದರು. ಅಪ್ಪನ ಶಿಷ್ಯರನ್ನು ಗದರುವುದು ಹೇಗೆ? ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು, ಇಷ್ಟೇ ನಮ್ಮ ಋಣ ಎಂದು ಅದಕ್ಕೆ ಮನಸ್ಸಿನಲ್ಲೇ ಹೇಳಿದೆ.

ಅಪ್ಪ ಬಾಗಿಲು ತೆಗೆದು ಇಳಿದರು.

"ಹಿಂದಕ್ಕೆ ಸರೀರಿ. ಎಲ್ಲಾರೂ ಕೈ ಕಟ್ರಿ."

ಮೀಸೆ ಹೊತ್ತ ಗಂಡಸರೆಲ್ಲ ಸಾಲಾಗಿ ನಿಂತು ಕೈ ಕಟ್ಟಿದರು. ಗಾರ್ಡು ಬಾವುಟಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಕಟ್ಟಿದ. ಅಪ್ಪನ ಸ್ಕೂಲಿನ ಮುಖ ನೋಡಿರದ ಗೇಟಿನವನೂ ಕೈ ಕಟ್ಟಿದ. ಅಪ್ಪ ಕೋಟು ಬಿಚ್ಚಿ ನನ್ನ ಪಕ್ಕದ ಸೀಟಿಗೆ ಹಾಕಿ, ಕಾರಿನ ಹಿಂದಕ್ಕೆ ಹೋದರು. ಅರವತ್ತರ ಮನುಷ್ಯ ಏದುಸಿರು ಬಿಡುತ್ತ ಒಂದೊಂದೇ ಅಂಗುಲ ಮುಂದೆ ನೂಕುವಾಗ ಸಾಲಿನಲ್ಲಿ ಯಾರೋ ಕಿಸಕ್ ಎಂದರು.

"ಯಾರದು ನಕ್ಕಿದ್ದು?"

ನಲವತ್ತು ತಲೆಗಳು ಒಟ್ಟಿಗೆ ತಗ್ಗಿದವು. ದೂರದಲ್ಲಿ ರೈಲಿನ ಎಂಜಿನ್ನು ಮಾತ್ರ ಉಸಿರಾಡುತ್ತಿತ್ತು.

ಕಾರು ಹಳಿ ದಾಟಿ ಇಳಿಜಾರಿಗೆ ಬಿತ್ತು, ಜಾರಿತು, ಎದ್ದಿತು. ಎದ್ದ ಮೇಲೆ ನಿಲ್ಲಿಸುವ ಧೈರ್ಯ ಯಾರಿಗಿದೆ? ಅಪ್ಪನನ್ನು ಅಲ್ಲೇ ಬಿಟ್ಟು ಓಡಿಸಿದೆ. ತಿರುಗಿ ನೋಡಿದರೆ ಧೂಳಿನಲ್ಲಿ ಅಪ್ಪ, ಅವರ ಹಿಂದೆ ಸಾಲು. ಬಿಡಿ ಎಂದು ಯಾರೂ ಹೇಳಿರಲಿಲ್ಲವಾಗಿ ಇನ್ನೂ ಕೈ ಕಟ್ಟಿಕೊಂಡೇ ನಿಂತಿದ್ದರು. ರೈಲು ತಡವಾದ ಕಾರಣ ಏನೆಂದು ಗಾರ್ಡು ಬರೆದನೋ ನನಗೆ ಗೊತ್ತಿಲ್ಲ.

ಅಪ್ಪ ಅದೇ ರೈಲಿನಲ್ಲಿ, ಶಿಷ್ಯರ ನಡುವೆ ಕೂತು ಬಂದರು. ನಾನು ಕೋಟು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದೆ. ನನ್ನ ಮುಖ ನೋಡದೆ ನೇರ ಬಚ್ಚಲಿಗೆ ನಡೆದರು. ಅವ್ವ ಹಿಂದೆಯೇ ಹೋಗಿ, ಯಾರಾದರೂ ತಳ್ಳಿದರೇನು ಎಂದು ಕೇಳಿದರು.

"ಯಾರೂ ಮುಟ್ಟಲಿಲ್ಲ. ನಲವತ್ತು ಜನ ಸಾಕ್ಷಿ ಅದಾರೆ."

"ಮತ್ತೆ ನಿಮ್ಮ ಕೈ ಯಾಕ ಇಷ್ಟು ಕರ್ರಗಾಗ್ಯಾವು?"

ಅಪ್ಪ ಬಹಳ ಹೊತ್ತು ಸೀಗೆಪುಡಿ ಹಚ್ಚಿ ಕೈ ಉಜ್ಜಿದರು.

"ನಾನೇನು ತಳ್ಳಲಿಲ್ಲ ಬಿಡೇ. ಒಂದೀಟು ಬೆನ್ನು ಸವರಿದೆ, ಅಷ್ಟೆ."