ವಾರಾಂತ್ಯದ ಯಂತ್ರವೂ ದೊಡ್ಡಮ್ಮನ ನಾಮಫಲಕವೂ

ಎರಡು ಕೈಗಳನ್ನು ಮಾತ್ರ ಜಗತ್ತಿಗೆ ತೋರಿಸಿ, ಮುಖವನ್ನು ಇಂದಿನವರೆಗೂ ಕ್ಯಾಮೆರಾದ ಆಚೆಗೇ ಇಟ್ಟುಕೊಂಡಿರುವ ಮಾನ್ಯರೇ,

ಶಿಡ್ಲಘಟ್ಟದಿಂದ ಮಧುಸೂದನ್ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಹತ್ತು ಬೆರಳುಗಳೂ ಇನ್ನೂ ತಮ್ಮ ಬಳಿಯೇ ಇವೆಯೆಂದೂ ನಂಬಿದ್ದೇನೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದು, ಹತ್ತೊಂಬತ್ತು ವರ್ಷಗಳಿಂದ ಪರರ ದೂರರ್ಜಿಗಳನ್ನು ಓದಿ ಕಡತಕ್ಕೆ ಸೇರಿಸುತ್ತ ಬಂದವನು. ನಾನೇ ಒಂದನ್ನು ಬರೆಯುವ ಭಾಗ್ಯವನ್ನು ತಾವು ಒದಗಿಸಿದ್ದೀರಿ.

'ಒಂದೇ ವಾರಾಂತ್ಯದಲ್ಲಿ, ಮನೆಯಲ್ಲಿ ಬಿದ್ದಿರುವ ಸಾಮಾನಿನಿಂದ ಸಿಎನ್‌ಸಿ ರೌಟರ್' ಎಂಬ ತಮ್ಮ ವಿಡಿಯೊವನ್ನು ನಾನು ನೋಡಿದ್ದು ಕಳೆದ ವರ್ಷದ ಫೆಬ್ರವರಿಯಲ್ಲಿ. ಕಂಪ್ಯೂಟರ್ ಹೇಳಿದಂತೆ ಮರದ ಹಲಗೆಯ ಮೇಲೆ ತಾನೇ ಓಡಾಡಿ ಅಕ್ಷರ ಕೆತ್ತುವ ಆ ಯಂತ್ರವನ್ನು ತಾವು ಹನ್ನೊಂದು ನಿಮಿಷದಲ್ಲಿ ಕಟ್ಟಿ ಮುಗಿಸಿದ್ದನ್ನು ಕಂಡು ನನಗೆ ರೋಮಾಂಚನವಾಯಿತು. ಆಗಷ್ಟೇ ಕೈವಾರದಲ್ಲಿ ನಮ್ಮ ದೊಡ್ಡಮ್ಮ ಅಕ್ಕಯ್ಯಮ್ಮನವರು ಮನೆಗೆ ಪಾಯ ತೆಗೆಸಿದ್ದರು. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅವರೇ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿ, ನಿವೃತ್ತರಾಗುವ ತನಕ ಬಾಡಿಗೆ ಮನೆಗಳಲ್ಲೇ ಕಳೆದವರು. ಅವರ ಸ್ವಂತ ಮನೆಗೆ ನಾಮಫಲಕವನ್ನು ನಾನೇ ಮಾಡಿಕೊಡುತ್ತೇನೆ ಎಂದು ಫೋನಿನಲ್ಲಿ ಮಾತು ಕೊಟ್ಟೆ.

"ಚಿಂತಾಮಣೀಲಿ ಬೋರ್ಡ್ ಬರಿಯೋರು ಇದಾರಲ್ಲ ನಾಯನಾ, ಒಂದು ಗಂಟೇಲಿ ಬರೆದು ಕೊಡ್ತಾರೆ. ನಿಂಗ್ಯಾಕೆ ಇಲ್ಲದ ಕಷ್ಟ?" ಎಂದರು ದೊಡ್ಡಮ್ಮ.

"ಒಂದು ವಾರಾಂತ್ಯದ ಕೆಲಸ ದೊಡ್ಡಮ್ಮ" ಎಂದೆ. ತಮ್ಮ ಮಾತನ್ನು ನನ್ನ ಬಾಯಿಂದ ಆಡಿದ ಮೊದಲ ಸಲ ಅದು.

ಮಾನ್ಯರೇ, ತಮ್ಮ ಮನೆಯಲ್ಲಿ ನಾಲ್ಕು ಸ್ಟೆಪ್ಪರ್ ಮೋಟರ್, ಎರಡು ಮೀಟರ್ ಉಕ್ಕಿನ ಸರಳು ಮತ್ತು ಒಂದು ಕಂಟ್ರೋಲರ್ ಬೋರ್ಡು ಸುಮ್ಮನೆ ಬಿದ್ದಿದ್ದವು. ನಮ್ಮ ಮನೆಯನ್ನೆಲ್ಲ ಹುಡುಕಿದಾಗ ಸಿಕ್ಕಿದ್ದು ಕೆಟ್ಟುಹೋದ ಮಿಕ್ಸಿ, ಒಂಟಿ ಚಪ್ಪಲಿ ಮತ್ತು ನನ್ನ ಮದುವೆಯ ವಿಡಿಯೊ ಕ್ಯಾಸೆಟ್ಟು. ಆದ್ದರಿಂದ ಮೋಟರುಗಳನ್ನು ಕೊರಿಯರ್‌ನಲ್ಲಿ ತರಿಸಿಕೊಂಡು, ಹಳೆಯ ರೇಷ್ಮೆ ನೂಲಿನ ಯಂತ್ರಗಳ ಕಬ್ಬಿಣವನ್ನು ಗುಜರಿಯಲ್ಲಿ ಆರಿಸಿ, ವೆಲ್ಡಿಂಗ್ ಅಂಗಡಿಯ ಮುನಿವೆಂಕಟಪ್ಪನವರಿಂದ ಚೌಕಟ್ಟು ಮಾಡಿಸಿದೆ. ಅವರು ಬೆಸೆದ ಮೊದಲ ಚೌಕಟ್ಟು ಒಂದು ಮೂಲೆಯಲ್ಲಿ ಎದ್ದು ನಿಂತಿತು, ಎರಡನೆಯದು ಇನ್ನೊಂದು ಮೂಲೆಯಲ್ಲಿ. ಮೂರನೆಯದನ್ನು ನೆಲಕ್ಕಿಟ್ಟು, "ಇದೂ ಅಲ್ಲಾಡಿದ್ರೆ ನಿಮ್ಮ ಮನೆ ನೆಲವೇ ಸರಿಯಿಲ್ಲ ಅಂತ ತಿಳ್ಕೊಳ್ಳಿ ಸಾರ್" ಎಂದರು.

ಯಂತ್ರವನ್ನು ಇಡಲು ಜಾಗವಿದ್ದದ್ದು ಊಟದ ಮೇಜಿನ ಮೇಲೆ ಮಾತ್ರ. ನನ್ನ ಹೆಂಡತಿ ತನುಜ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ, ಸಹನಾಮೂರ್ತಿ. ನಾವು ನೆಲದ ಮೇಲೆ ಊಟಕ್ಕೆ ಕೂರತೊಡಗಿ ಆರು ತಿಂಗಳಾದ ಮೇಲೆ ಒಂದು ದಿನ ಅನ್ನ ಬಡಿಸುತ್ತ, "ಈ ವಾರಾಂತ್ಯ ಯಾವ ವರ್ಷಕ್ಕೆ ಮುಗಿಯತ್ತೆ ರೀ?" ಎಂದು ವಿಚಾರಿಸಿದಳು. ತಮ್ಮ ವಿಡಿಯೊದಲ್ಲಿ ಉತ್ತರ ಹುಡುಕಿದೆ, ಇರಲಿಲ್ಲ.

ವೃತ್ತ ಬರೆಯೆಂದರೆ ಯಂತ್ರವು ಮೊದಮೊದಲು ಕೋಳಿಮೊಟ್ಟೆ ಬರೆಯುತ್ತಿತ್ತು. ಅದನ್ನು ತಿದ್ದಿದ ಮರುದಿನವೇ ಮರ ಕೊರೆಯುವ ಬಿಟ್ ಎಂಬ ಮೊನೆಯನ್ನು ತಡೆಯಿಲ್ಲದೆ ಕೆಳಗಿಳಿಸಿ, ಹಲಗೆಯನ್ನು ದಾಟಿ, ತನುಜಳ ತವರಿನಿಂದ ಬಂದ ತೇಗದ ಮೇಜಿನಲ್ಲಿ ಉದ್ದಕ್ಕೂ ಕಾಲುವೆಯೊಂದನ್ನು ತೋಡಿತು. ಅಷ್ಟು ನೇರವಾದ, ಅಷ್ಟು ಒಂದೇ ಆಳದ ಗೆರೆಯನ್ನು ಅದು ಮುಂದೆಂದೂ ಕೆತ್ತಲಿಲ್ಲವಾದ್ದರಿಂದ, ತಮ್ಮ ವಿನ್ಯಾಸದ ಶ್ರೇಷ್ಠತೆಗೆ ಸಾಕ್ಷಿಯಾಗಿ ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಮೇಜು ಮತ್ತೆ ಊಟಕ್ಕೆ ಸಿಕ್ಕಿರುವ ಈಗ ಯಾರ ತಟ್ಟೆಯಿಂದ ಸಾರು ಚೆಲ್ಲಿದರೂ ಆ ಕಾಲುವೆಯಲ್ಲಿ ಹರಿದು ನನ್ನ ಮಡಿಲಿಗೇ ಬರುತ್ತದೆ.

ಹೀಗೆ ಹದಿನಾಲ್ಕು ತಿಂಗಳು ಕಳೆದು ಏಪ್ರಿಲ್ ಬಂತು, ದೊಡ್ಡಮ್ಮನ ಗೃಹಪ್ರವೇಶವೂ ನಿಶ್ಚಯವಾಯಿತು. ಹಿಂದಿನ ದಿನ ಬೆಳಿಗ್ಗೆ ಬೇವಿನ ಹಲಗೆಯೊಂದನ್ನು ಬಿಗಿದು, 'ಅಕ್ಕಯ್ಯಮ್ಮ ನಿಲಯ' ಎಂದು ಕಂಪ್ಯೂಟರಿನಲ್ಲಿ ಬರೆದೆ. ತಾವು ಒಂಬತ್ತನೇ ನಿಮಿಷದಲ್ಲಿ ಕೊಟ್ಟ ಎಚ್ಚರಿಕೆಯಂತೆ, ಕೊರೆಯುವ ಮೊನೆಯು ಹಲಗೆಯನ್ನು ಹಿಡಿದ ಕೆಳಗಿನ ಕ್ಲಾಂಪಿಗೆ ಬಡಿಯದಿರಲೆಂದು, ಅಕ್ಷರಗಳು ಕೂತ ಗೆರೆಯಿಂದ ಕೆಳಕ್ಕೆ ಯಂತ್ರವು ಹೋಗಲೇಬಾರದೆಂಬ ತಡೆಯನ್ನೂ ಹಾಕಿದೆ. ತಾವು ಆ ವಿಡಿಯೊದಲ್ಲಿ ಕೆತ್ತಿದ್ದು ಇಂಗ್ಲಿಷಿನ ನಾಲ್ಕು ದೊಡ್ಡಕ್ಷರ. ಅವುಗಳಿಗೆ ಗೆರೆಯ ಕೆಳಗೆ ಯಾವ ಸಂಸಾರವೂ ಇಲ್ಲ. ಕನ್ನಡದ ಒತ್ತಕ್ಷರಗಳು ಮಾತ್ರ ಅಲ್ಲೇ ವಾಸ ಮಾಡುತ್ತವೆ ಎಂಬುದು ತಮಗೆ ಹೊಳೆಯಲಿಲ್ಲ. ಕನ್ನಡದಲ್ಲೇ ಟಿಪ್ಪಣಿ ಬರೆದು ಸಂಬಳ ಪಡೆಯುವ ನನಗೂ ಹೊಳೆಯಲಿಲ್ಲ.

ಮೂರು ಗಂಟೆ ಅದರ ಎದುರೇ ಕೂತಿದ್ದೆ ಮಾನ್ಯರೇ. ಆದರೆ ನಾನು ನೋಡುತ್ತಿದ್ದದ್ದು ಅಕ್ಷರಗಳನ್ನಲ್ಲ. ನಿಲ್ಲದೆ, ನಡುಗದೆ, ಮೊದಲ ಬಾರಿಗೆ ಸರಿಯಾಗಿ ಓಡುತ್ತಿದ್ದ ನನ್ನ ಯಂತ್ರವನ್ನು. ಕಣ್ಣು ತುಂಬಿ ಬಂದಿತ್ತು, ಅದರಲ್ಲಿ ಸ್ವಲ್ಪ ಮರದ ಹೊಟ್ಟೂ ಇತ್ತು. ಕೆತ್ತಿದ್ದಕ್ಕೆ ಬಂಗಾರದ ಬಣ್ಣ ತುಂಬಿ, ಒಣಗಿಸಿ, ಹೊಸ ಟವೆಲಿನಲ್ಲಿ ಸುತ್ತಿಟ್ಟೆ. ತಪ್ಪು ಹುಡುಕುವುದೇ ಕಸುಬಾದ ತನುಜ ಅಂದು ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆಂದು ಚಿಕ್ಕಬಳ್ಳಾಪುರದಲ್ಲಿದ್ದಳು. ಅಲ್ಲಿಂದ ನೇರವಾಗಿ ಕೈವಾರಕ್ಕೆ ಬಂದಳು.

ಮರುದಿನ ನೆಂಟರು, ನೆರೆಯವರು, ದೊಡ್ಡಮ್ಮನ ಹಳೆಯ ಅಂಗನವಾಡಿ ಮಕ್ಕಳು, ಅವರ ಮಕ್ಕಳು ಎಲ್ಲರ ಎದುರು, ಬಾಗಿಲ ಪಕ್ಕದಲ್ಲಿ ಸ್ಟೂಲು ಹತ್ತಿ ಫಲಕವನ್ನು ನೇತುಹಾಕಿ, ಎರಡು ಮಾತು ಆಡಿ, ಟವೆಲನ್ನು ಎಳೆದೆ. ಚಪ್ಪಾಳೆಗೆ ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ತನುಜ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಕರೆದಿದ್ದರಿಂದ ಬಂದಿದ್ದ ಮುನಿವೆಂಕಟಪ್ಪನವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಅ... ಕ... ಯಮ. ಯಮ ನಿಲಯ." ಆಮೇಲೆ ಸುತ್ತಲೂ ನೋಡಿ, "ಚೌಕಟ್ಟು ಮಾತ್ರ ನಂದು, ಅಕ್ಷರ ನಂದಲ್ಲ" ಎಂದು ಹಿಂದಕ್ಕೆ ಸರಿದರು.

ಮೂರು ಒತ್ತುಗಳೂ ಗಡಿಯಾಚೆ ಉಳಿದುಬಿಟ್ಟಿದ್ದವು; 'ಯ' ಒತ್ತಿನ ತುದಿಯೊಂದು ಮಾತ್ರ ಗೆರೆಯ ಮೇಲೆ ನೊಣ ಕೂತಂತೆ ಉಳಿದಿತ್ತು. ಹೊಸ ಮನೆಗೆ, ಅದೂ ಅರುವತ್ತೆಂಟರ ಹೆಂಗಸಿನ ಮನೆಗೆ, ಸಾಕಿದ ಮಗ ಬರೆಸಿ ತಂದ ಹೆಸರು ಇದು. ಹಿರಿಯರೊಬ್ಬರು ಅಪಶಕುನವೆಂದು ಗೊಣಗಿದರು. ನಾನು ಸ್ಟೂಲಿನಿಂದ ಇಳಿಯುವುದಕ್ಕೂ ಆಗದೆ, ಮೇಲೆಯೇ ನಿಲ್ಲುವುದಕ್ಕೂ ಆಗದೆ ನಿಂತಿದ್ದೆ.

ದೊಡ್ಡಮ್ಮ ಹತ್ತಿರ ಬಂದು ಫಲಕವನ್ನು ಎರಡು ಸಲ ಓದಿದರು. "ಏಮಿ ನಾಯನಾ, ಇದು ನನ್ನ ಮನೇನಾ, ಅವನ ಮನೇನಾ?" ಎಂದು ಕೇಳಿದರು. ಮೊದಲು ನಕ್ಕವರು ಅವರೇ. ನಗುತ್ತಲೇ ಕುಂಕುಮದ ಬಟ್ಟಲು ತರಿಸಿ, ನೀರು ಹಾಕಿ ಕಲಸಿ, ನನ್ನ ತೋಳು ಹಿಡಿದು ಅದೇ ಸ್ಟೂಲನ್ನು ಹತ್ತಿ, ತೋರುಬೆರಳಿನಿಂದ ಒಂದೊಂದೇ ಒತ್ತನ್ನು ತಿದ್ದಿದರು. "ಒಂದನೇ ಕ್ಲಾಸಲ್ಲೂ ಇವನು ಹಿಂಗೇ. ಬರೆಯೋ ಆತುರದಲ್ಲಿ ಒತ್ತು ಬಿಡ್ತಿದ್ದ" ಎಂದು ನೆಂಟರಿಗೆಲ್ಲ ಸಾರಿದರು. ನನ್ನ ಮಾನ ಹೋಯಿತೋ ಉಳಿಯಿತೋ ಇಂದಿಗೂ ಗೊತ್ತಾಗಿಲ್ಲ. ಹೋಳಿಗೆಯಂತೂ ಗಂಟಲಲ್ಲಿ ಇಳಿಯಿತು.

ಬೇರೆ ಫಲಕ ಮಾಡಿಕೊಡುತ್ತೇನೆಂದರೆ ದೊಡ್ಡಮ್ಮ ಒಪ್ಪಲಿಲ್ಲ. "ಇನ್ನೂ ಹದಿನಾಲ್ಕು ತಿಂಗಳು ನಾನು ಹೆಸರಿಲ್ಲದೆ ಇರಬೇಕಾ?" ಎಂದರು. ಹಾಗಾಗಿ ಮುಂದಿನ ವಾರ ಉಳಿ, ಸುತ್ತಿಗೆ ಹಿಡಿದುಕೊಂಡು ಕೈವಾರಕ್ಕೆ ಹೋಗಿ, ಕುಂಕುಮದ ಗುರುತಿನ ಮೇಲೆ ಮೂರು ಒತ್ತುಗಳನ್ನೂ ಕೈಯಲ್ಲೇ ಕೆತ್ತಿದೆ. ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, "ಇನ್ನೂ ದುಂಡಗೆ ಬರ್ಲಿ, ಅವಸರ ಮಾಡ್ಬೇಡ" ಎಂದು ಮೇಲ್ವಿಚಾರಣೆ ನಡೆಸಿದರು. ಶನಿವಾರ ಮಧ್ಯಾಹ್ನ ಹಿಡಿದದ್ದು ಭಾನುವಾರ ಸಂಜೆಗೆ ಮುಗಿಯಿತು. ತಾವು ಹೇಳುವ ಒಂದೇ ವಾರಾಂತ್ಯದಲ್ಲಿ ನನ್ನಿಂದ ಆಗಿದ್ದು ಅದೊಂದೇ ಕೆಲಸ, ಅದಕ್ಕೆ ವಿದ್ಯುತ್ ಬೇಕಾಗಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಮ್ರವಾಗಿ ಕೋರುವುದೇನೆಂದರೆ, ತಾವು ಬಳಸುವ ಪಂಚಾಂಗದ ಒಂದು ಪ್ರತಿಯನ್ನು ದಯವಿಟ್ಟು ಕಳುಹಿಸಿಕೊಡಿ, ಒಂದೇ ಶನಿವಾರ-ಭಾನುವಾರ ಹದಿನಾಲ್ಕು ತಿಂಗಳು ನಡೆಯುವ ಅದರ ಪ್ರಕಾರ ನನಗೂ ಎರಡು ದಿನ ರಜೆ ಬೇಕಾಗಿದೆ. ಸಾಧ್ಯವಾದರೆ ತಮ್ಮ ಮುಂದಿನ ವಿಡಿಯೊದಲ್ಲಿ ಇಂಗ್ಲಿಷನ್ನು ಬಿಟ್ಟು 'ಶ್ರೀಮದ್ರಾಜಾಧಿರಾಜ' ಎಂದು ಕೆತ್ತಿ ತೋರಿಸಿ. ಕುರ್ಚಿಯ ತುದಿಯಲ್ಲಿ ಕೂತು ನೋಡುತ್ತೇನೆ. ಇತ್ತ ಬಂದರೆ ನಮ್ಮಲ್ಲೇ ಊಟಕ್ಕೆ ದಯಮಾಡಿಸಿ. ಮೇಜಿನಲ್ಲಿ ನನ್ನ ಜಾಗವನ್ನೇ ತಮಗೆ ಬಿಟ್ಟುಕೊಡುವೆ, ಅಂದು ತಿಳಿಸಾರು ಮಾಡಿಸುವೆ.

ತಮ್ಮ ಹನ್ನೊಂದು ನಿಮಿಷಗಳನ್ನು ಅಕ್ಷರಶಃ ನಂಬಿದ ವಿಶ್ವಾಸಿ,
ಮಧುಸೂದನ್, ಶಿಡ್ಲಘಟ್ಟ

ಮರೆತ ಮಾತು: ತಮ್ಮ ವಿಡಿಯೊದ ಏಳನೇ ನಿಮಿಷದಲ್ಲಿ, ಒಳಗಿನಿಂದ ಹೆಂಗಸೊಬ್ಬರು "ಊಟಕ್ಕೆ ಬರ್ತೀರೋ, ಎತ್ತಿಡ್ಲೋ?" ಎಂದು ಕೂಗುವುದು ಸಣ್ಣಗೆ ಕೇಳಿಸುತ್ತದೆ, ತಾವು ಉತ್ತರ ಕೊಡದೆ ಡ್ರಿಲ್ ಚಾಲೂ ಮಾಡುತ್ತೀರಿ. ತನುಜ ಆ ಭಾಗವನ್ನು ನಾಲ್ಕು ಸಲ ಹಿಂದಕ್ಕೆ ಹಾಕಿ ಕೇಳಿ, ಇಡೀ ವಿಡಿಯೊದಲ್ಲಿ ನಿಜವಾದ ಮಾತು ಇದೊಂದೇ ಎಂದಳು. ಆ ತಾಯಿಯ ಫೋನ್ ನಂಬರ್ ಕಳುಹಿಸಬೇಕಂತೆ, ಇಬ್ಬರೂ ಸ್ವಲ್ಪ ಮಾತಾಡುವುದಿದೆಯಂತೆ.