ನಾಲ್ಕನೆಯ ಬೋಲ್ಟು

ಹೆಂಡತಿಗೆ ಬೈಕ್ ಕಲಿಸಿದ ಗಂಡಂದಿರನ್ನು ಕರೆದು ಶಾಲು ಹೊದಿಸಿ ಸನ್ಮಾನ ಮಾಡಬೇಕು ಎಂಬುದು ನನ್ನ ಬಹುದಿನದ ಬೇಡಿಕೆ. ಬನವಾಸಿಯ ಹೊರಗಿನ ಬಯಲಲ್ಲಿ ನಾನು ಮಹೇಶ್ವರಿಯ ಗಾಡಿಯ ಹಿಂದೆ ಓಡಿದ ಓಟವನ್ನು ನೇರ ದಾರಿಯಲ್ಲಿ ಓಡಿದ್ದರೆ ಇಷ್ಟು ಹೊತ್ತಿಗೆ ಯಲ್ಲಾಪುರ ದಾಟಿರುತ್ತಿದ್ದೆ. ಶಾಲು ಮಾತ್ರ ಬರಲಿಲ್ಲ. ಬಾರದಿರುವುದಕ್ಕೆ ಕಾರಣ ಒಂದು ಬೋಲ್ಟು.

ಮಹೇಶ್ವರಿಗೆ ಹಾಲಿನ ಸಂಘವೊಂದರಲ್ಲಿ ಊರೂರು ತಿರುಗಿ ಹಾಲು ಪರೀಕ್ಷಿಸುವ ಕೆಲಸ ಸಿಕ್ಕಿತ್ತು. ಸಿಕ್ಕಿತ್ತು ಅಂದರೆ ಮುಕ್ಕಾಲು ಸಿಕ್ಕಿತ್ತು. ಶುಕ್ರವಾರ ಬೆಳಿಗ್ಗೆ ಶಿರಸಿಯಲ್ಲಿ ಗಾಡಿ ಓಡಿಸುವ ಟೆಸ್ಟ್ ಪಾಸಾದರೆ ಉಳಿದ ಕಾಲು. ಇಲ್ಲವಾದರೆ ಕೆಲಸ ಇನ್ನೊಬ್ಬರ ಪಾಲು. ಮದುವೆಯಾದ ಮೇಲೆ ಅವಳು ತನಗೆ ಬೇಕು ಅಂತ ಬಾಯಿಬಿಟ್ಟು ಹೇಳಿದ್ದು ಇದೊಂದೇ. (ಸೀರೆಗಳನ್ನು ಬಿಟ್ಟು.)

ಗಾಡಿ ಅವಳಿಗೆ ಚೆನ್ನಾಗಿಯೇ ಒಲಿದಿತ್ತು. ಎಂಟರ ಆಕಾರದಲ್ಲಿ ತಿರುಗಿಸುವಾಗ ಮಾತ್ರ ಹ್ಯಾಂಡಲ್ ಕೈಗೆ ದೂರವಾಗಿ, ಕಾಲು ನೆಲಕ್ಕೆ ತಾಗುತ್ತಿತ್ತು. ಟೆಸ್ಟಿನಲ್ಲಿ ಕಾಲು ತಾಗಿದರೆ ಫೇಲು.

"ಗ್ಯಾರೇಜಿಗೆ ಹೋಗಿ ಹ್ಯಾಂಡಲ್ ಸ್ವಲ್ಪ ನನ್ನ ಕಡಿ ತಿರುವಿಸ್ಕೊಂಡು ಬರ್ರಿ" ಅಂದಳು ಗುರುವಾರ ಮಧ್ಯಾಹ್ನ.

"ನಾಕು ಬೋಲ್ಟಿಗೆ ಗ್ಯಾರೇಜ್ ಯಾಕ? ನಾ ಇಲ್ಲೇನು?"

"ನೀವು ಅದೀರಿ ಅಂತನ ಗ್ಯಾರೇಜಿಗೆ ಹೋಗ್ರಿ ಅಂದೆ."

ಇದಾದ ಮೇಲೆ ಯಾವ ಗಂಡಸು ಗ್ಯಾರೇಜಿಗೆ ಹೋಗುತ್ತಾನೆ? ಅಂಗಳದಲ್ಲಿ ಗೋಣಿಚೀಲ ಹಾಸಿ ನನ್ನ ಆಯುಧಾಗಾರವನ್ನು ತೆರೆದೆ. ಹ್ಯಾಂಡಲನ್ನು ಹಿಡಿದಿಡುವ ನಾಲ್ಕು ಬೋಲ್ಟುಗಳ ತಲೆಯಲ್ಲಿ ಆರು ಮೂಲೆಯ ಗುಳಿ ಇರುತ್ತದೆ. ಅದರೊಳಗೆ ಎಲ್-ಕೀ ಹಾಕಿ ತಿರುಗಿಸಬೇಕು. ಮೂರು ಬೋಲ್ಟು ವಿನಯದಿಂದ ಹೊರಗೆ ಬಂದವು. ನಾಲ್ಕನೆಯದಕ್ಕೆ ಕೀ ಹಾಕಿ, ಉಸಿರು ಬಿಗಿಹಿಡಿದು ಒಂದು ತಿರುವು ಕೊಟ್ಟೆ. ಕೀ ಸರ್ರನೆ ಜಾರಿತು. ಇನ್ನೊಮ್ಮೆ ಕೊಟ್ಟೆ, ಇನ್ನೂ ನುಣ್ಣಗೆ ಜಾರಿತು. ಬಗ್ಗಿ ನೋಡಿದರೆ ಆರೂ ಮೂಲೆ ಮಾಯವಾಗಿ ಗುಳಿ ಗೋಲಿಯಂತೆ ದುಂಡಗಾಗಿತ್ತು. ಸಿಟ್ಟಿನಲ್ಲಿ ಹ್ಯಾಂಡಲ್ ಹಿಡಿದು ಜಗ್ಗಿದೆ. ಅದು ಓರೆಯಾಗಿ ವಾಲಿ ಅಲ್ಲೇ ಸಿಕ್ಕಿಕೊಂಡು, ಹಿಂದಕ್ಕೂ ಬರದೆ ಮುಂದಕ್ಕೂ ಹೋಗದೆ ನಿಂತಿತು.

ಗ್ಯಾರೇಜಿನ ವೆಂಕಟ್ರಮಣನಿಗೆ ಗುಟ್ಟಾಗಿ ಫೋನ್ ಮಾಡಿದೆ.

"ಆನು ವಜ್ರಳ್ಳಿಗೆ ತಂಗಿ ಮನೆಗೆ ಬೈಂದಿ ಮಾರಾಯ. ನಾಳೆ ಸಂಜೆ ಬತ್ತೆ. ಅಲ್ಲೀವರೆಗೆ ನೀನು ಅದನ್ನ ಮುಟ್ಟಡ."

ವಜ್ರಳ್ಳಿಗೆ ಹೋದವನು ನಾಳೆ ಸಂಜೆ ಬಂದು ಏನು ಪ್ರಯೋಜನ, ಟೆಸ್ಟು ಬೆಳಿಗ್ಗೆ. ಮೊಬೈಲಿನಲ್ಲಿ ವಿಡಿಯೊ ಹುಡುಕಿದೆ. ಗುಳಿಗೆ ರಬ್ಬರ್ ಬ್ಯಾಂಡ್ ಇಟ್ಟು ಕೀ ಒತ್ತಿದರೆ ಹಿಡಿತ ಸಿಗುತ್ತದೆ ಅಂದ ಒಬ್ಬ. ಅಡುಗೆಮನೆಯಿಂದ ರಬ್ಬರ್ ಬ್ಯಾಂಡ್ ತಂದೆ. ಅದು ಇಷ್ಟು ಹೊತ್ತು ಜೋಳದ ಹಿಟ್ಟಿನ ಚೀಲದ ಬಾಯಿ ಹಿಡಿದಿತ್ತು ಎಂಬುದು ಒಳಗಿನಿಂದ ಅವ್ವನ ದನಿ ಕೇಳಿದಾಗಲೇ ಗೊತ್ತಾದದ್ದು. ರಬ್ಬರ್ ಹರಿಯಿತು. ಕೀಗೆ ಅಂಟು ಹಚ್ಚಿ ಬೋಲ್ಟಿಗೆ ಅಂಟಿಸಿರಿ ಅಂದ ಇನ್ನೊಬ್ಬ. ಹಚ್ಚಿದೆ. ಬೋಲ್ಟಿಗೆ ಅಂಟಲಿಲ್ಲ. ನನ್ನ ಹೆಬ್ಬೆರಳಿಗೆ ಜನ್ಮಾಂತರದ ಸಂಬಂಧದಂತೆ ಅಂಟಿತು.

ನನ್ನ ಅವ್ವ ಅನ್ನಪೂರ್ಣವ್ವ ಬಿಸಿ ಎಣ್ಣೆ ಬಿಟ್ಟು ಬೆರಳನ್ನು ಕೀಯಿಂದ ಬಿಡಿಸಿದಳು. ಮಹೇಶ್ವರಿ ಬಂದು ನೋಡಿದಳು. ಬೈಯಲಿಲ್ಲ. ಗಾಡಿಯ ಸೀಟಿನ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡ್ರಿ, ಬ್ಯಾರೆ ಕೆಲಸ ಸಿಗತೈತಿ" ಅಂದಳು. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಇನ್ನು ಉಳಿದದ್ದು ಒಂದೇ. ಬೋಲ್ಟಿನ ತಲೆಗೆ ಉಳಿ ಇಟ್ಟು ಸುತ್ತಿಗೆ ಎತ್ತಿದೆ.

"ತಡಿಯೋ ಸದಾಶಿವಾ" ಎಂದು ಅವ್ವ ಎಣ್ಣೆಯ ಕೈಯಲ್ಲೇ ಓಡಿ ಬಂದಳು. "ಈಬತ್ತಿ ಮ್ಯಾಲೆ ಸುತಗಿ ಹೊಡಿತಿಯೇನು? ಕಣ್ಣು ಕಾಣಂಗಿಲ್ಲ ನಿನಗ?"

"ಎಲ್ಲೈತಿ ಈಬತ್ತಿ?"

"ಅದರಾಗ ಐತಿ. ನಾ ಹಚ್ಚಿದ್ದು ನನಗ ಗೊತ್ತಿಲ್ಲೇನು?"

ಪ್ರತಿ ಅಮಾವಾಸ್ಯೆ ಗಾಡಿ ತೊಳೆದಾಗ ಅವ್ವ ವಿಭೂತಿಯನ್ನು ನೀರಲ್ಲಿ ಕಲಸಿ ಹ್ಯಾಂಡಲಿಗೆ ಮೂರು ಬೆರಳು ಎಳೆಯುತ್ತಾಳೆ. ಬೆರಳು ಎಡದಿಂದ ಹೊರಟು ನಿಲ್ಲುವುದು ಈ ಬೋಲ್ಟಿನ ಮೇಲೆ. ಬೆರಳಲ್ಲಿ ಉಳಿದದ್ದನ್ನು ಗಾಡಿಯ ಕಣ್ಣು ಅಂದುಕೊಂಡು ಆ ಗುಳಿಗೇ ಒತ್ತಿಬಿಡುತ್ತಾಳೆ. ವರ್ಷಗಟ್ಟಲೆ ಒತ್ತಿದ ವಿಭೂತಿ ಒಳಗೆ ಗಾರೆಯಂತೆ ಗಟ್ಟಿಯಾಗಿತ್ತು. ನಾನು ಅದನ್ನೇ ಗುಳಿಯ ತಳ ಅಂದುಕೊಂಡಿದ್ದೆ.

"ಹೊಡಿಯೂದಾದ್ರ ಈಬತ್ತಿ ತಗದು ಹೊಡಿ" ಎಂದು ಅವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೆದಕತೊಡಗಿದಳು. ಉದುರಿದ್ದನ್ನು ಅಂಗೈಯಲ್ಲಿ ಹಿಡಿದು ಮೊದಲು ತನ್ನ ಹಣೆಗೆ, ಆಮೇಲೆ ನನ್ನ ಹಣೆಗೆ ಹಚ್ಚಿದಳು. ಕೆದಕಿದಷ್ಟೂ ಬರುತ್ತಲೇ ಇತ್ತು. ಮಹೇಶ್ವರಿ ಮೊಬೈಲಿನ ಬೆಳಕು ಬಿಟ್ಟು ಇಣುಕಿದಳು.

"ಅತ್ತಿ, ಒಳಗ ಮೂಲಿ ಹೊಸಾದ ಹಂಗ ಅದಾವು. ಇವರು ಸವಿಸಿದ್ದು ಬರೇ ಮ್ಯಾಲಿಂದು."

ಅವಳೇ ಕೀ ತೆಗೆದುಕೊಂಡಳು. ಬೆಳ್ಳುಳ್ಳಿ ಜಜ್ಜುವ ಕಲ್ಲಿನಿಂದ ಮೆತ್ತಗೆ ಎರಡೇಟು ತಟ್ಟಿದಳು. ಕೀ ಈಗ ತಳದವರೆಗೂ ಇಳಿದು ಕಚ್ಚಿತು. ತಿರುಗಿಸಿದಳು. ಟಕ್ ಎಂದಿತು. ಅಷ್ಟು ಸಣ್ಣ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. (ಅಂಟಿನ ಘಾಟು ಎಂದು ಹೇಳಿದೆ.)

ಆದರೂ ಗಂಡಸು ಸುಮ್ಮನಿರಬೇಕಲ್ಲ. "ನೋಡವ್ವ, ಬೋಲ್ಟು ಕೆಟ್ಟಿದ್ದು ನಿನ್ನ ಈಬತ್ತಿಯಿಂದ" ಅಂದೆ.

"ಉಳಿದದ್ದು ಈಬತ್ತಿಯಿಂದ. ಅದು ತುಂಬಿರಲಿಲ್ಲ ಅಂದ್ರ ನೀ ತಳದ ತನಕ ಸವಿಸಿ ಇಡ್ತಿದ್ದಿ."

ನಾನು ಉಳಿ, ಸುತ್ತಿಗೆಗಳನ್ನು ಆಯುಧಾಗಾರಕ್ಕೆ ಮರಳಿಸಿದೆ.

ಬೆಳಿಗ್ಗೆ ಹೊರಟೆವು. ಹ್ಯಾಂಡಲ್ ಮಹೇಶ್ವರಿಯ ಅಳತೆಗೆ ಬಂದಿತ್ತು. ನಾನು ಕುಳಿತು ತಿರುಗಿಸಿದರೆ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಹಾಗಾಗಿ ಎಲ್ ಬೋರ್ಡು ಕಟ್ಟಿಕೊಂಡು ಶಿರಸಿಯವರೆಗೂ ಅವಳೇ ಓಡಿಸಿದಳು. ಟೆಸ್ಟಿನ ಬಯಲಲ್ಲಿ ಎಂಟು ಬರೆಯುವಾಗ ಅವಳ ಕಾಲು ಕದಲಲಿಲ್ಲ. ಕದಲಿದ್ದೆಲ್ಲ ನಾನು. ಬದಿಯಲ್ಲಿ ನಿಂತು ಎರಡೂ ಕೈ ಚಾಚಿ ಗಾಳಿಯಲ್ಲೇ ಹ್ಯಾಂಡಲ್ ತಿರುಗಿಸುತ್ತಿದ್ದೆನಂತೆ. ಇನ್ಸ್‌ಪೆಕ್ಟರು ಅವಳಿಗೆ ಪಾಸು ಬರೆದು, ನನ್ನ ಕಡೆ ತಿರುಗಿ, "ನೀವೂ ಟೆಸ್ಟಿಗೆ ಬಂದವರಾ? ಗಾಡಿ ಇಲ್ದೆ ಆಗೂದಿಲ್ಲ" ಅಂದರು.

ಸೋಮವಾರ ಅವಳು ಕೆಲಸಕ್ಕೆ ಸೇರಿದಳು. ಹೋಗುವಾಗ ನನ್ನನ್ನು ನನ್ನ ಬೀಜ-ಗೊಬ್ಬರದ ಅಂಗಡಿಯ ಮುಂದೆ ಇಳಿಸುತ್ತಾಳೆ. ಅಕ್ಕಪಕ್ಕದ ಅಂಗಡಿಯವರು ನಗುತ್ತಾರೆ. ನಗಲಿ, ಅವರಿಗೆ ಹಿಂದಿನ ಸೀಟಿನ ಸುಖ ಗೊತ್ತಿಲ್ಲ. ಹೊಂಡ ನೋಡುವ ಹೊಣೆ ನನ್ನದಲ್ಲ. ಮೊನ್ನೆ ಹೀಗೇ ಆರಾಮಾಗಿ ಕುಳಿತು ಬರುವಾಗ ಬೇಲಿಯ ಆಚೆ ನೀರು ಫಳಕ್ಕನೆ ಹೊಳೆಯಿತು. ತಾವರೆಯೂ ಇತ್ತು.

"ಮಹೇಶ್ವರಿ, ಇಲ್ಲೊಂದು ಕೆರಿ ಐತಲ್ಲ. ಯಾವಾಗ ಆತು ಇದು?"

"ಮದುವಿಯಾಗಿ ಬಂದಾಗಿಂದ ನಿಮ್ಮ ಹಿಂದ ಕುಂತು ತೋರಿಸಾಕತ್ತೇನಿ. ಈಗ ಕಾಣ್ತೇನು? ಸುಮ್ನ ಕುಂದರ್ರಿ, ಗಾಡಿ ಅಲುಗ್ಯಾಡತೈತಿ."

ಸುಮ್ಮನೆ ಕುಳಿತೆ. ಕೆರೆ ದೊಡ್ಡದಿತ್ತು, ಬಹಳ ಹೊತ್ತು ಕಂಡಿತು.